ಸೈನ್ಯಕ್ಕೆ ಹೊರಟವರ ಕಿವಿ

ನಮ್ಮ ಕೆಲಸಕ್ಕೆ ಸೇರುವವರಿಗೆ ಕಾಲೇಜಿನಲ್ಲಿ ಕಿವಿಯ ದೊಡ್ಡದೊಂದು ಮಾದರಿ ಇಟ್ಟುಕೊಂಡು ಪಾಠ ಮಾಡುತ್ತಾರೆ. ತಮಟೆ, ಪುಟ್ಟ ಮೂಳೆಗಳು, ಶಂಖದಂಥ ಸುರುಳಿ, ನರ, ಎಲ್ಲವನ್ನೂ ಬಿಡಿಸಿ ಮತ್ತೆ ಜೋಡಿಸಬಹುದು. ಆ ಕಿವಿಯ ಜೊತೆಗೆ ಒಬ್ಬ ತಾಯಿ ಬರುತ್ತಾಳೆ, ಒಬ್ಬ ತಂದೆ ಬರುತ್ತಾನೆ, ಮನೆತನದ ಮಾನ ಬರುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿರಲಿಲ್ಲ. ಕೊಡಗಿನ ಒಂದು ಆಸ್ಪತ್ರೆಯಲ್ಲಿ ಜನರ ಕೇಳುವ ಶಕ್ತಿಯನ್ನು ಅಳೆಯುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬಡ್ತಿ, ಶಾಲು, ಸನ್ಮಾನಗಳ ವಿಷಯ ಬರೆಯಹೊರಟರೆ ಅರ್ಧ ಪುಟವೂ ತುಂಬದು. ಸೈನ್ಯಕ್ಕೆ ಸೇರಬೇಕೆಂದು ಬಂದು ನನ್ನೆದುರು ಕೂತ ಹುಡುಗರ ವಿಷಯವಾದರೆ ಬೇಕಾದಷ್ಟಿದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಅದನ್ನು ತಿಳಿದಿದ್ದರೆ ಒಳ್ಳೆಯದು.

ಇಲ್ಲಿನ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲೇ ಸಮವಸ್ತ್ರ ತೊಟ್ಟವರ ಫೋಟೋ ಇರುತ್ತದೆ. ನಾನು ಮಡಿಕೇರಿಯ ಪುರೋಹಿತರ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ಬಂದೂಕು ಎಂದರೆ ದೀಪಾವಳಿಗೆ ಕೇಪು ಹೊಡೆಯುವ ತಗಡಿನ ಪಿಸ್ತೂಲು ಅಷ್ಟೇ. ಹಾಗಾಗಿ ಮೊದಮೊದಲು ಈ ಹುಡುಗರ ಆತುರ ನನ್ನ ತಲೆಗೆ ಹೋಗುತ್ತಿರಲಿಲ್ಲ. ನೇಮಕಾತಿ ರ‍್ಯಾಲಿಯಲ್ಲಿ ಓಟ ಗೆದ್ದು, ಹಳ್ಳ ಹಾರಿ, ಎದೆಯಳತೆ ಕೊಟ್ಟು, ಕೊನೆಗೆ ಮೆಡಿಕಲ್‌ನಲ್ಲಿ ಕಿವಿಗಾಗಿ ‘ಅನ್‌ಫಿಟ್’ ಎನಿಸಿಕೊಂಡು ಬರುತ್ತಿದ್ದರು. ಅಂಥವರಿಗೆ ಇನ್ನೊಂದು ಅವಕಾಶ ಉಂಟು. ಅಪೀಲು ಹಾಕಿಕೊಂಡರೆ ದೊಡ್ಡ ಮಿಲಿಟರಿ ಆಸ್ಪತ್ರೆಯಲ್ಲಿ ತಜ್ಞರು ಮತ್ತೊಮ್ಮೆ ನೋಡುತ್ತಾರೆ. ನಡುವೆ ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಕಿವಿ ಸರಿಮಾಡಿಕೊಡಿ, ಆಗದಿದ್ದರೆ ಸರಿಯಿದೆ ಎಂದಾದರೂ ಬರೆದುಕೊಡಿ ಎಂದು ನಮ್ಮ ಬಾಗಿಲಿಗೆ ಬರುತ್ತಿದ್ದರು. ನಮ್ಮ ಚೀಟಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ, ಅವರು ನೋಡುವುದು ಕಿವಿಯನ್ನು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗುತ್ತಿತ್ತು. ನಿಮ್ಮ ಬಾಯಿಯೂ ಒಣಗುತ್ತದೆ, ಸಿದ್ಧವಾಗಿರಿ.

ಹೆಚ್ಚಿನವರು ಬೀಳುತ್ತಿದ್ದುದು ಬರೀ ಗುಗ್ಗೆಯಿಂದ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಒಳಗಿನ ತಮಟೆ ಕಾಣುವುದಿಲ್ಲ, ಕಾಣದಿದ್ದರೆ ಅವರು ಪಾಸು ಮಾಡುವುದಿಲ್ಲ. ಇದು ತಿಳಿದದ್ದೇ ತಡ, ಮನೆಮನೆಯಲ್ಲೂ ವೈದ್ಯರು ಹುಟ್ಟಿಕೊಂಡರು. ರ‍್ಯಾಲಿಯ ಹಿಂದಿನ ದಿನ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡು ಬರುವವರಿಗೆ ಲೆಕ್ಕವಿಲ್ಲ. ನಮ್ಮ ಕಿವಿ-ಮೂಗು-ಗಂಟಲಿನ ಡಾಕ್ಟರು ಮಲ್ಲೇಶಪ್ಪನವರು ಸೋಮವಾರಪೇಟೆ ಕಡೆಯವರು. ಮೂಗಿನ ತುದಿಯಲ್ಲೇ ಸಿಟ್ಟು. ಅಂಥ ಕಿವಿ ಕಂಡ ಕೂಡಲೇ ಬಾಗಿಲಾಚೆಗೂ ಕೇಳುವ ಹಾಗೆ ಕೂಗುತ್ತಿದ್ದರು.

“ಏನಮ್ಮ ಇದು, ಕಿವಿನಾ ಬಾಣಲೆನಾ? ಒಗ್ಗರಣೆ ಹಾಕ್ಕಂಡ್ ಬಂದವ್ನೆ ನೋಡು!”

ನಗು ಬರುತ್ತಿತ್ತು. ಆದರೆ ಎಲ್ಲ ನಗುವಿನಲ್ಲೇ ಮುಗಿಯುತ್ತಿರಲಿಲ್ಲ. ವಿರಾಜಪೇಟೆಯ ಅಂಗಡಿಯವರೊಬ್ಬರ ಮಗ ಸ್ಕೂಟರಿನ ಕೀಲಿಯಿಂದ ಕಿವಿ ಕೆದಕಿಕೊಂಡು, ರಕ್ತ ಒಸರುತ್ತಿದ್ದ ಕಿವಿಯಲ್ಲೇ ರ‍್ಯಾಲಿಗೆ ಹೋಗಿದ್ದ. ಗಾಯಕ್ಕೆ ಕೀವು ತುಂಬಿತು, ಅಪೀಲಿನ ದಿನಕ್ಕೂ ಮಾಯಲಿಲ್ಲ. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದ ಹುಡುಗ ಅವನು. ಆಮೇಲೆ ಯಾವುದೋ ಗಲ್ಫ್ ದೇಶಕ್ಕೆ ಹೋದ ಎಂದು ಕೇಳಿದೆ. ನಾವು ಎರಡು ನಿಮಿಷದಲ್ಲಿ ತೆಗೆದುಬಿಡುವ ಗುಗ್ಗೆ ಅದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿವಿ ಅಳೆಯುವ ಯಂತ್ರವೂ ಇರಲಿಲ್ಲ. ಹುಡುಗನನ್ನು ಗೋಡೆಯ ಕಡೆ ಮುಖಮಾಡಿ ನಿಲ್ಲಿಸಿ, ಹಿಂದೆ ದೂರದಲ್ಲಿ ನಿಂತು ಪಿಸುಮಾತಿನಲ್ಲಿ ಅಂಕಿ ಹೇಳುವುದು, ಅವನು ಅದನ್ನು ತಿರುಗಿ ಹೇಳುವುದು, ಇದೇ ಪರೀಕ್ಷೆ. ರ‍್ಯಾಲಿಗೆ ಮೊದಲು ಹುಡುಗರನ್ನು ಒಮ್ಮೆ ನೋಡಿಕೊಡಲು ಉತ್ತರದ ಕಡೆಯ ನಿವೃತ್ತ ಮಿಲಿಟರಿ ಡಾಕ್ಟರೊಬ್ಬರು ಬಂದಿದ್ದರು. ಕರಿಕೆಯಿಂದ ಬಂದ ಹುಡುಗನೊಬ್ಬ ಅವರು ಏನು ಪಿಸುಗುಟ್ಟಿದರೂ ಗೋಡೆಯ ಹಾಗೆ ಸುಮ್ಮನೆ ನಿಂತ. ಎರಡು ಕಿವಿಯೂ ಮಂದ ಎಂದು ಅವರು ಷರಾ ಹಾಕಿದರು. ಹುಡುಗ ತಲೆ ತಗ್ಗಿಸಿ ಹೊರಟ. ನನಗೆ ಏನೋ ಸಂಶಯ ಬಂತು. ವರಾಂಡದಲ್ಲಿ ಅವನ ಹಿಂದಿನಿಂದ ಹೋಗಿ ಮೆಲ್ಲಗೆ, “ಯಾವ ಬಸ್ಸಿಗೆ ಬಂದ್ಯೋ?” ಎಂದೆ. ತಟ್ಟನೆ ತಿರುಗಿದ.

“ಮತ್ತೆ ಒಳಗೆ ಯಾಕೆ ಸುಮ್ನೆ ನಿಂತೆ?”

“ಕೇಳ್ತದೆ ಅಕ್ಕ. ಹಿಂದಿ ಲೆಕ್ಕ ಗೊತ್ತಿಲ್ಲೆ,” ಎಂದ.

ಅವನನ್ನು ವಾಪಸು ಕರೆದುಕೊಂಡು ಹೋಗಿ ಕನ್ನಡದಲ್ಲಿ ಅಂಕಿ ಹೇಳಿದೆ. ಒಂದೂ ತಪ್ಪಲಿಲ್ಲ. ಡಾಕ್ಟರು ನಕ್ಕು ತಮ್ಮ ಷರಾ ಹೊಡೆದುಹಾಕಿದರು. ರ‍್ಯಾಲಿಯಲ್ಲಿ ನಿನಗೆ ಕನ್ನಡದಲ್ಲಿ ಕೇಳುವವರು ಯಾರೂ ಇರುವುದಿಲ್ಲ, ಈಗಲೇ ಕಲಿತುಕೋ ಎಂದು ಹಿಂದಿ ಅಂಕಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟೆ. ಅವನು ಸೈನ್ಯಕ್ಕೆ ಸೇರಿದ. ನನ್ನ ನೆನಪಿನಲ್ಲಿರುವ ಕೆಲವೇ ಒಳ್ಳೆಯ ಸುದ್ದಿಗಳಲ್ಲಿ ಅದೂ ಒಂದು.

ಆಮೇಲೆ ಯಂತ್ರ ಬಂತು. ಒಬ್ಬರು ಕೂರುವಷ್ಟು ಜಾಗದ, ಒಳಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯೂ ಬಂತು. ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಸ್ವಿಚ್ಚು ಕೊಟ್ಟು ಕೂರಿಸುತ್ತೇವೆ. ದಪ್ಪ ಸ್ವರದಿಂದ ಹಿಡಿದು ಸೂಜಿಯಂಥ ಸಣ್ಣ ಸ್ವರದವರೆಗೆ ಒಂದೊಂದಾಗಿ ಕೇಳಿಸುತ್ತೇವೆ. ಕೇಳಿದ ಕೂಡಲೇ ಸ್ವಿಚ್ಚು ಒತ್ತಿದರೆ ನಮ್ಮ ಮುಂದಿನ ದೀಪ ಹೊತ್ತಿಕೊಳ್ಳುತ್ತದೆ. ಎಷ್ಟು ಮೆಲ್ಲಗಿನ ಶಬ್ದ ಕೇಳಿತು ಎಂಬುದನ್ನು ಗೆರೆಯಾಗಿ ಗುರುತು ಹಾಕುತ್ತೇವೆ. ಪಿಸುಮಾತಿನ ಪರೀಕ್ಷೆಯಲ್ಲಿ ಕಾಣದೆ ಹೋದದ್ದು ಈ ಗೆರೆಯಲ್ಲಿ ಕಾಣತೊಡಗಿತು.

ದಕ್ಷಿಣ ಕೊಡಗಿನ ಗಂಡಸರ ಗೆರೆಗಳನ್ನು ಹಾಕುತ್ತ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ದಪ್ಪ ಸ್ವರಗಳಲ್ಲಿ ಗೆರೆ ಸಮತಟ್ಟಾಗಿ ಚೆನ್ನಾಗಿಯೇ ಹೋಗುತ್ತದೆ. ಸಣ್ಣ ಸ್ವರಗಳು ಬಂದ ಕೂಡಲೇ ಧಡಕ್ಕನೆ ಕೆಳಗಿಳಿದು, ತುದಿಯಲ್ಲಿ ಸ್ವಲ್ಪ ಮೇಲೇಳುತ್ತದೆ. ಮಲ್ಲೇಶಪ್ಪನವರು ಇದಕ್ಕೆ ‘ಕೋವಿ ಕಣಿವೆ’ ಎಂದು ಹೆಸರಿಟ್ಟಿದ್ದರು. ಇಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುತ್ತಾರೆ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಗದ್ದೆಗೆ ಹಂದಿ ಬಂದರೆ ಕೋವಿ, ತೋಟಕ್ಕೆ ಆನೆ ಬಂದರೆ ಬೆದರಿಸಲು ಕೋವಿ. ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ಮಾತ್ರ ನಾನು ಕಂಡಿಲ್ಲ. ಇಟ್ಟುಕೊಂಡರೆ ನಗುತ್ತಾರಂತೆ. ಟಿ.ವಿ. ಜೋರಾಗಿ ಇಡುತ್ತಾರೆ, ಮೊಮ್ಮಗಳ ಮಾತು ಕೇಳಿಸುವುದಿಲ್ಲ ಎಂದು ಹೆಂಡತಿಯರು ಎಳೆದುಕೊಂಡು ಬಂದಾಗಲೇ ಆ ಗಂಡಸರು ನಮ್ಮ ಮುಂದೆ ಕೂರುತ್ತಿದ್ದುದು.

ನಾಚಪ್ಪನ ವಿಷಯ ಬರೆಯಲು ಇಷ್ಟೆಲ್ಲ ಹೇಳಬೇಕಾಯಿತು.

ಹುದಿಕೇರಿ ಕಡೆಯ ಹುಡುಗ. ತಂದೆ ಕುಟ್ಟಪ್ಪ, ತಾಯಿ ಮುತ್ತಮ್ಮ. ತಾತ ಸುಬೇದಾರರಾಗಿ ನಿವೃತ್ತರಾದವರು. ತಮ್ಮ ಅಣ್ಣಂದಿರು ಸೈನ್ಯ ಸೇರಿದ್ದರಿಂದ ಕುಟ್ಟಪ್ಪನವರು ಕಾಫಿ ತೋಟಕ್ಕಾಗಿ ಮನೆಯಲ್ಲೇ ಉಳಿದಿದ್ದರು. ತಾನು ಹೋಗಲಿಲ್ಲ, ಮಗ ಹೋಗಲೇಬೇಕು ಎನ್ನುವುದು ಅವರ ಹಟ. ಮಗನಿಗೂ ಅದೇ ಆಸೆ, ಬಲವಂತವೇನೂ ಇರಲಿಲ್ಲ. ಹಿಂದಿನ ವರ್ಷ ಜ್ವರ ಬಂದು ಓಟ ತಪ್ಪಿಹೋಗಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು.

ರ‍್ಯಾಲಿಗೆ ಸ್ವಲ್ಪ ದಿನ ಮೊದಲು ತಾತ ತೀರಿಕೊಂಡರು. ಜೋಡಿ ಗುಂಡು ಹಾರಿಸಬೇಕಲ್ಲ. ಸೈನ್ಯಕ್ಕೆ ಹೋಗುವ ಮೊಮ್ಮಗನ ಕೈಯಿಂದಲೇ ಒಂದು ಹಾರಲಿ ಎಂದು ಮುತ್ತಮ್ಮ ಕೋವಿಯನ್ನು ತಂದು ಮಗನ ಕೈಗೆ ಕೊಟ್ಟರು. ಅವನ ಎಡಕ್ಕೆ ನೆಂಟರೊಬ್ಬರು ಇನ್ನೊಂದು ಕೋವಿ ಹಿಡಿದು ನಿಂತರು. ಅಂಗಳದ ತುಂಬ ಜನವಿದ್ದದ್ದರಿಂದ ಇಬ್ಬರೂ ಗೋಡೆಯ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದರು. ನೆಂಟರ ಕೋವಿಯ ಬಾಯಿ ಹುಡುಗನ ಕಿವಿಯ ಹತ್ತಿರವೇ ಇತ್ತು. ಎರಡೂ ಒಟ್ಟಿಗೆ ಹಾರಿದವು. ಎಡಗಿವಿಯೊಳಗೆ ಏನೋ ಹರಿದ ಹಾಗಾಯಿತು, ಆಮೇಲೆ ಜೀರುಂಡೆ ಕೂಗಿದ ಹಾಗೆ ಕೇಳುತ್ತಿತ್ತು, ಆದರೆ ಸಾವಿನ ಮನೆಯಲ್ಲಿ ಯಾರಿಗೆ ಹೇಳಲಿ ಎಂದು ಸುಮ್ಮನಿದ್ದೆ ಎಂದು ಅವನು ಆಮೇಲೆ ನನಗೆ ಹೇಳಿದ. ರ‍್ಯಾಲಿಯಲ್ಲಿ ಓಟವನ್ನು ಸಲೀಸಾಗಿ ಗೆದ್ದ. ಮೆಡಿಕಲ್‌ನಲ್ಲಿ ಎಡಗಿವಿಯ ತಮಟೆ ತೂತಾಗಿದೆ ಎಂದು ಅನ್‌ಫಿಟ್ ಮಾಡಿದರು. ಅಪೀಲು ಹಾಕಿ ಮೂವರೂ ನೇರವಾಗಿ ನಮ್ಮಲ್ಲಿಗೆ ಬಂದರು.

ಮಲ್ಲೇಶಪ್ಪನವರು ನೋಡಿ, ತೂತು ಸಣ್ಣದು, ನೀರು ಬೀಳದ ಹಾಗೆ, ಜೋರಾಗಿ ಸೀನದ ಹಾಗೆ ನೋಡಿಕೊಂಡರೆ ತಾನಾಗಿ ಮುಚ್ಚಿಕೊಳ್ಳಬಹುದು ಎಂದರು. ನಾನು ಯಂತ್ರದಲ್ಲಿ ಕೂರಿಸಿ ಗೆರೆ ಹಾಕಿದೆ. ಸಣ್ಣ ಸ್ವರಗಳಲ್ಲಿ ಕಣಿವೆ ಇತ್ತು. ಎಡಗಿವಿಯಲ್ಲಿ ಇರುವುದು ಸರಿಯೇ, ಪೆಟ್ಟು ಬಿದ್ದ ಕಿವಿ ಅದು. ಬಲಗಿವಿಯಲ್ಲೂ ಇತ್ತು. ಡಾಕ್ಟರು ಬಲಗಿವಿಯ ಗೆರೆಯನ್ನು ತುಂಬ ಹೊತ್ತು ನೋಡಿದರು. “ಹೊಸ ಪೆಟ್ಟಾದ್ರೆ ಕೆಲವು ವಾರದಲ್ಲಿ ಮೇಲೇಳ್ತದೆ. ಕಾದು ನೋಡನ,” ಎಂದಷ್ಟೇ ಹೇಳಿದರು.

“ನಿನಗೆ ಕೋವಿ ಹೊಸದೇನಪ್ಪ?” ಎಂದು ನಾನು ಹುಡುಗನನ್ನು ಕೇಳಿದೆ.

ಅವನಿಗೆ ಖುಷಿಯಾಯಿತು. “ಇಲ್ಲ ಮೇಡಂ, ಸಣ್ಣವನಿದ್ದಾಗಿಂದ ಉಂಟು. ಮೊದ್ಲು ಹೆದ್ರಿಕೆಯಾಗಿ ಕಿವಿ ಮುಚ್ಕೊಳ್ತಿದ್ದೆ. ಅಪ್ಪ ನನ್ನ ಕೈ ಎಳ್ದು ತೆಗೀತಿದ್ರು. ಶಬ್ದಕ್ಕೆ ಹೆದ್ರೋನು ಸೋಲ್ಜರ್ ಹೇಗಾಗ್ತಾನೆ ಅಂತ.”

“ಈಗ ನೋಡಿ, ತೆಂಗಿನಕಾಯಿಗೆ ಇವ್ನೇ ಫಸ್ಟ್,” ಎಂದು ಕುಟ್ಟಪ್ಪನವರು ನಕ್ಕರು. ಎತ್ತರದ ಆಳು, ಎತ್ತರದ ದನಿ. ಪಕ್ಕದಲ್ಲಿ ಕೂತವರ ಜೊತೆಗೂ ಗದ್ದೆಯ ಆಚೆ ನಿಂತವರಿಗೆ ಹೇಳುವ ಹಾಗೆ ಮಾತಾಡುತ್ತಿದ್ದರು.

ಮುಂದಿನ ವಾರಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ. ತಂದೆಯ ಪದಕಗಳನ್ನು ಕೈಚೀಲದಲ್ಲಿ ಹಾಕಿಕೊಂಡು, ಪರಿಚಯದ ನಿವೃತ್ತ ಅಧಿಕಾರಿಗಳ ಮನೆಗಳನ್ನೆಲ್ಲ ಸುತ್ತಿದರು. ಏನಾದರೂ ರಿಯಾಯಿತಿ ಸಿಗುತ್ತದೆಯೇ ಎಂದು ಕೇಳಿದರು. ಎಲ್ಲರೂ ಕಾಫಿ ಕೊಟ್ಟು ಕಳಿಸಿದರಂತೆ. ಕೊನೆಗೆ ನಮ್ಮ ಡಾಕ್ಟರ ಮುಂದೆ ಬಂದು ಕೂತರು.

“ಸೈನಿಕರ ಮನೆಯವ್ರಿಗೆ ಎತ್ತರದಲ್ಲಿ ಸ್ವಲ್ಪ ಬಿಡ್ತಾರೆ, ಅಲ್ವಾ ಡಾಕ್ಟ್ರೇ? ನನ್ನ ಮಗನಿಗೆ ಎತ್ತರ ಬೇಕಾದಷ್ಟು ಉಂಟು. ಅದ್ರಲ್ಲಿ ಬಿಡೋದನ್ನ ಕಿವಿಯಲ್ಲಿ ಬಿಡೋಕೆ ಎಂತ ಕಷ್ಟ?”

ಮಲ್ಲೇಶಪ್ಪನವರು ಅವತ್ತು ಸಿಟ್ಟು ಮಾಡಲಿಲ್ಲ. “ಕುಟ್ಟಪ್ಪನವ್ರೇ, ಗಿಡ್ಡ ಆದೋನಿಗೆ ಯಾರಾದ್ರೂ ಹಿಂದಿಂದ ಬಂದ್ರೆ ಗೊತ್ತಾಯ್ತದೆ. ಕಿವಿ ಕೇಳದೋನಿಗೆ ಗೊತ್ತಾಗಕಿಲ್ಲ,” ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಪೀಲಿನ ದಿನಕ್ಕೆ ಸ್ವಲ್ಪ ಮೊದಲು ಹುಡುಗ ಮತ್ತೆ ಬಂದ. ಡಾಕ್ಟರು ಬೆಳಕು ಬಿಟ್ಟು ನೋಡಿ ನನ್ನನ್ನೂ ಕರೆದು ತೋರಿಸಿದರು. ತೂತು ಮುಚ್ಚಿತ್ತು. ಹೊಸ ಚರ್ಮ ಈರುಳ್ಳಿಯ ಒಳಸಿಪ್ಪೆಯ ಹಾಗೆ ತೆಳ್ಳಗೆ, ಸ್ವಚ್ಛವಾಗಿ ಬಂದಿತ್ತು. ಮುತ್ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟರು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆ ಸಂತೋಷದಲ್ಲೇ ಅವನನ್ನು ಯಂತ್ರದ ಮುಂದೆ ಕೂರಿಸಿದೆ.

ಕಣಿವೆ ಕೂದಲೆಳೆಯಷ್ಟೂ ಮೇಲೆದ್ದಿರಲಿಲ್ಲ. ಎಡಗಿವಿ, ಬಲಗಿವಿ, ಎರಡರಲ್ಲೂ ಹಳೆಯ ಜಾಗದಲ್ಲೇ ಇತ್ತು. ಮತ್ತೆ ಹಾಕಿದೆ. ಯಂತ್ರವನ್ನು ಆರಿಸಿ ಹೊತ್ತಿಸಿ ಮೂರನೆಯ ಸಲ ಹಾಕಿದೆ. ಸಾವಿನ ಮನೆಯ ಗುಂಡು ತಮಟೆಯನ್ನು ಹರಿದಿತ್ತು, ಅದು ಕೂಡಿಕೊಂಡಿತು. ಒಳಗಿನ ನರ ಸೊರಗಿದ್ದು ಆ ಒಂದು ಗುಂಡಿನಿಂದ ಆಗಿರಲಿಲ್ಲ. ವರ್ಷಗಳಿಂದ ಒಂದೊಂದೇ ಗುಂಡಿಗೆ ಸ್ವಲ್ಪಸ್ವಲ್ಪವೇ ಸತ್ತಿತ್ತು. ಸತ್ತ ನರವನ್ನು ಎಬ್ಬಿಸುವ ಮದ್ದು ಯಾವ ಡಾಕ್ಟರ ಹತ್ತಿರವೂ ಇಲ್ಲ. ಡಾಕ್ಟರು ಹುಡುಗನಿಗೆ, ಅಲ್ಲಿ ಪಿಸುಮಾತಿನಲ್ಲಷ್ಟೇ ನೋಡಿದರೆ ದಾಟಬಹುದು, ಯಂತ್ರದಲ್ಲಿ ನೋಡಿದರೆ ಕಷ್ಟ, ಮನಸ್ಸು ಗಟ್ಟಿ ಮಾಡಿಕೊಂಡು ಹೋಗು ಎಂದು ಹೇಳಿ ಕಳಿಸಿದರು. ಹುಡುಗ ಅದನ್ನು ಅಪ್ಪ ಅಮ್ಮನಿಗೆ ಹೇಳಲಿಲ್ಲವಂತೆ.

ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಯಂತ್ರದಲ್ಲೇ ನೋಡಿದರು. ಅನ್‌ಫಿಟ್ ಎಂದೇ ಬಂತು. ಅದರ ಮೇಲೆ ಇನ್ನು ಅಪೀಲು ಇಲ್ಲ.

ಸೋತು ಹೋದವರು ನಮ್ಮಲ್ಲಿಗೆ ತಿರುಗಿ ಬರುವುದು ಕಡಿಮೆ. ಇವರು ಬಂದರು. ಬಂದದ್ದು ಮುತ್ತಮ್ಮನಿಗಾಗಿ. ಊಟ ಬಿಟ್ಟಿದ್ದಾರೆ, ಯಾರ ಜೊತೆಗೂ ಮಾತಿಲ್ಲ, ನೀವಾದರೂ ಏನಾದರೂ ಹೇಳಿ ಎಂದು ಹುಡುಗ ಮೊದಲೇ ಬಂದು ನನ್ನ ಕಿವಿಗೆ ಹಾಕಿದ್ದ. ಆಕೆ ನನ್ನ ಮುಂದೆ ಕೂತು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು. ಕುಟ್ಟಪ್ಪನವರು ಬಾಗಿಲಲ್ಲಿ ನಿಂತಿದ್ದರು.

“ಒಂದೇ ಮಾತು ಹೇಳಿ ಮೇಡಂ. ಅವತ್ತಿನ ಗುಂಡಿಂದಲೇ ಅಲ್ವಾ ಇದಾಗಿದ್ದು? ಮಾವನಿಗೆ ಮೊಮ್ಮಗನ ಕೈಯಿಂದ ಆಗ್ಲಿ ಅಂತ ನಾನೇ ಕೋವಿ ತಂದು ಕೊಟ್ಟೆ. ನಾನೇ ನನ್ನ ಮಗನ ಕಿವಿ ಕಳ್ದೆ. ಅಲ್ವಾ?”

ಹೊಸಬರೇ, ಇಂಥ ಪ್ರಶ್ನೆ ನಿಮಗೂ ಬರುತ್ತದೆ. ಆ ತಾಯಿಯ ಮುಖ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. “ಇಲ್ಲಮ್ಮ, ನಿಮ್ಮಿಂದ ಏನೂ ಆಗಿಲ್ಲ. ಆ ಗುಂಡಿಂದ ಆದ ತೂತು ಪೂರ್ತಿ ಮುಚ್ಚಿದೆ. ಅವರು ಅನ್‌ಫಿಟ್ ಮಾಡಿದ್ದು ಹಳೇ ತೊಂದರೆಗೆ. ಅದು ಎಷ್ಟೋ ವರ್ಷದಿಂದ ಇದ್ದದ್ದು,” ಎಂದೆ.

ಆಕೆಯ ಕೈ ಸಡಿಲವಾಯಿತು. ಉಸಿರು ಬಿಟ್ಟು, “ಎಷ್ಟೋ ವರ್ಷದಿಂದ ಅಂದ್ರೆ ಎಂತದು?” ಎಂದು ಕೇಳಿದರು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. “ಸಣ್ಣವನಿದ್ದಾಗಿನಿಂದ ಕಿವಿಗೆ ಏನೂ ಇಟ್ಟುಕೊಳ್ಳದೆ ಕೋವಿ ಹೊಡೆದದ್ದು,” ಎಂದೆ.

ಒಬ್ಬರ ಎದೆಯಿಂದ ಇಳಿಸಿದ ಭಾರ ಇನ್ನೊಬ್ಬರ ಎದೆಗೆ ಹೋಗಿ ಕೂತದ್ದು ನನಗೆ ಗೊತ್ತಾಯಿತು. ಮುತ್ತಮ್ಮ ಗಂಡನ ಕಡೆ ತಿರುಗಲಿಲ್ಲ. ಮಗನೂ ತಿರುಗಲಿಲ್ಲ. ಕುಟ್ಟಪ್ಪನವರು ಹತ್ತಿರ ಬಂದು, “ಎಂತ ಹೇಳಿದ್ರಿ ಮೇಡಂ? ಸರಿ ಕೇಳ್ಲಿಲ್ಲ,” ಎಂದರು. ನಾನು ದನಿ ಎತ್ತಿ ಮತ್ತೊಮ್ಮೆ ಹೇಳಬೇಕಾಯಿತು. ನನ್ನ ಕೆಲಸದಲ್ಲಿ ಅಷ್ಟು ಕಷ್ಟದ ಮಾತನ್ನು ಅಷ್ಟು ಜೋರಾಗಿ ನಾನು ಯಾವತ್ತೂ ಹೇಳಿದ್ದಿಲ್ಲ.

ಅವರು ತಿರುಗಿ ಯಂತ್ರದ ಕಡೆ ನೋಡಿದರು. ಆಮೇಲೆ, “ನಂದೂ ಒಂದ್ಸಲ ನೋಡಿ,” ಎಂದರು.

“ಈಗ ಬೇಡ, ಇನ್ನೊಂದು ದಿನ ನೋಡೋಣ.”

“ನೋಡಿ ಮೇಡಂ. ನಾನೂ ಅವ್ನಷ್ಟೇ ಹೊಡೆದಿದ್ದೇನೆ. ನನಗೇನೂ ಆಗಿಲ್ಲ. ನನ್ನ ಕಿವಿ ಸರಿ ಇದ್ರೆ ಅವನಿಗೆ ಆಗಿದ್ದು ಕೋವಿಯಿಂದ ಅಲ್ಲ, ಅಲ್ವಾ?”

ಪುಟ್ಟ ಕೋಣೆಯೊಳಗೆ ಕೂರಿಸಿದೆ. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ ಎಂದರು, ತೆರೆದೇ ಬಿಟ್ಟೆ. ನಾಚಪ್ಪ ಬಂದು ಅವರ ಕುರ್ಚಿಯ ಹಿಂದೆ ನಿಂತ. ಕುಟ್ಟಪ್ಪನವರು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು ಕೂತರು. ದಪ್ಪ ಸ್ವರಗಳಿಗೆ ಚಕಚಕನೆ ಒತ್ತಿದರು. ಪ್ರತಿ ಸಲವೂ ಮುಖದಲ್ಲಿ ಸ್ವಲ್ಪ ಗೆಲುವು ಕಾಣುತ್ತಿತ್ತು. ಸಣ್ಣ ಸ್ವರಕ್ಕೆ ಬಂದೆ. ಹೆಬ್ಬೆರಳು ಅಲ್ಲಾಡಲಿಲ್ಲ. ಜೋರು ಮಾಡಿದೆ. ಇಲ್ಲ. ಇನ್ನೂ ಜೋರು ಮಾಡಿದೆ. ಆ ಮಟ್ಟಕ್ಕೆ ಹೋದರೆ ಶಬ್ದ ಹೆಡ್‌ಫೋನಿನಿಂದ ಹೊರಗೆ ಸೋರುತ್ತದೆ. ಕೀ ಎನ್ನುವುದು ನನಗೆ ಕೇಳುತ್ತಿತ್ತು. ಕಿವಿ ಸರಿಯಿಲ್ಲವೆಂದು ಸೈನ್ಯವೇ ಬೇಡವೆಂದ ಹುಡುಗನಿಗೂ ಅದು ಕೇಳಿತು. ಅವನು ಹೆಡ್‌ಫೋನನ್ನು ನೋಡಿದ, ಅಪ್ಪನ ಹೆಬ್ಬೆರಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಮಿಷಿನ್ ನಿಂತೋಯ್ತಾ ಮೇಡಂ?” ಎಂದು ಕುಟ್ಟಪ್ಪನವರು ಕಣ್ಣು ಮುಚ್ಚಿಕೊಂಡೇ ಜೋರಾಗಿ ಕೇಳಿದರು.

ನಾಚಪ್ಪ ಬಗ್ಗಿ, ಅಪ್ಪನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು, ಮೆಲ್ಲಗೆ ಒತ್ತಿದ. ನನ್ನ ಮುಂದೆ ದೀಪ ಹೊತ್ತಿಕೊಂಡಿತು.